ಕಲ್ಲಿಲ್ಲದ ನೋವಿಗೆ ತುಪ್ಪ

೧೯೬೩ರ ಮಾರ್ಗಶಿರ, ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಮಂಗಳೂರಿನ ಒಂದು ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಹೊರಗೆ ಬೆಂಚಿನಲ್ಲಿ ಮೂವರು: ನನ್ನ ಅಕ್ಕ, ಬೆಳ್ತಂಗಡಿಯಿಂದ ಬಂದಿದ್ದ ಅವಳ ಅತ್ತೆ, ನಾನು. ನನ್ನ ಮಡಿಲಲ್ಲಿ ಮೂಡುಬಿದಿರೆಯ ನಮ್ಮ ಮನೆಯ ತುಪ್ಪದ ಭರಣಿ.

ಹಾಸ್ಟೆಲಿನ ಗಂಟೆಗೆ ಎದ್ದು ಉಂಡು ಬೆಳೆದವಳು ನಾನು. ಹೊತ್ತಿಗೆ ಸರಿಯಾಗಿ ಮಾಡುವವಳೆಂದು ಏರ್ಪಾಡೆಲ್ಲ ನನ್ನ ಪಾಲಿಗೆ ಬಂದಿತ್ತು. ಹಿಂದಿನ ಸಂಜೆ ಅಕ್ಕನಿಗೆ ಬರೀ ಗಂಜಿ ಕೊಟ್ಟು, ಹೊತ್ತು ಮುಳುಗುವ ಮೊದಲೇ ಆಸ್ಪತ್ರೆಯ ಮಾತ್ರೆ ನುಂಗಿಸಿದ್ದೆ. ಆ ಮದ್ದು ರಾತ್ರಿ ಪಿತ್ತಕೋಶದಲ್ಲಿ ತುಂಬಿಕೊಂಡರೆ ಬೆಳಿಗ್ಗೆ ಫಿಲ್ಮಿನಲ್ಲಿ ಅದರ ಆಕಾರ ಮೂಡುತ್ತದೆ.

ಎರಡು ವರ್ಷದಿಂದ ಅವಳಿಗೆ ಬಲಪಕ್ಕೆಯ ಕೆಳಗೆ ನೋವು. ಉಂಡ ಮೇಲೆ ಹಿಡಿದರೆ ಬೆನ್ನಿನವರೆಗೆ ಹಾಯುತ್ತಿತ್ತು. ಹೊಟ್ಟೆಯಲ್ಲಿ ಹುಣ್ಣಿಲ್ಲವೆಂದು ನೋಡಿಯಾಗಿತ್ತು. ಕಳೆದ ಸಲದ ಫಿಲ್ಮಿನಲ್ಲಿ ಪಿತ್ತಕೋಶದ ಕಲ್ಲೂ ಇರಲಿಲ್ಲ. ಅಂದಿನಿಂದ ಗಂಡನ ಮನೆಯಲ್ಲಿ ಅವಳ ನೋವಿಗೆ ಮೈಗಳ್ಳತನವೆಂದು ಹೆಸರಾಯಿತು.

“ಕಲ್ಲಿಲ್ಲದ ಅನ್ನದಲ್ಲಿ ಹಲ್ಲು ಮುರಿದವಳು,” ಎಂದರು ಅತ್ತೆ, ಬೆಂಚಿನಲ್ಲಿಯೂ.

ಅಕ್ಕ ನಕ್ಕಳು. “ಇವತ್ತು ನೋವು ಬರ್ಲಿ ಅಂತ ಬಸದಿಯಲ್ಲಿ ಕೈಮುಗಿದು ಬಂದಿದ್ದೇನೆ ಅತ್ತೆ.”

ತುಪ್ಪ ತರಲು ಹೇಳಿದ್ದು ಹೊಸ ಡಾಕ್ಟರು. “ಕಳೆದ ಸಲ ಮೊದಲ ಫಿಲ್ಮ್ ಆದ ಮೇಲೆ ಮೊಟ್ಟೆ ಕೊಟ್ಟಿದ್ದರಲ್ಲ, ತಿಂದಿರಾ?” ಎಂದು ಅವರು ವಾರದ ಹಿಂದೆ ಕೇಳಿದ್ದರು.

“ನಾವು ಜೈನರು ಡಾಕ್ಟ್ರೇ. ಹಾಗೇ ಇಟ್ಟು ಬಂದೆ.”

“ಹೇಳಬೇಕಲ್ಲ ಅಮ್ಮ!”

“ಕೇಳಿದವರು ಯಾರು?”

ಜಿಡ್ಡು ತಿಂದಾಗ ಪಿತ್ತಕೋಶ ಹೇಗೆ ಕುಗ್ಗುತ್ತದೆಂದು ನೋಡಲಿಕ್ಕೇ ಆ ಮೊಟ್ಟೆ. ಆ ಅರ್ಧ ಪರೀಕ್ಷೆ ನಡೆದೇ ಇರಲಿಲ್ಲ. ಅದಕ್ಕೇ ಈ ಸಲ ಮೊಟ್ಟೆಯ ಬದಲು ತುಪ್ಪ.

ಈ ಸಲವೂ ಮೊದಲ ಫಿಲ್ಮಿನಲ್ಲಿ ಕಲ್ಲಿಲ್ಲ. ಮನೆಯಿಂದ ತಂದ ಅನ್ನಕ್ಕೆ ತುಪ್ಪ ಸುರಿದೆ. ನೋವಿಗೆ ಹೆದರಿ ತುಪ್ಪ ತಿನ್ನುವುದನ್ನೇ ಬಿಟ್ಟಿದ್ದ ಅಕ್ಕ ಕಣ್ಣು ಮುಚ್ಚಿ ಉಂಡಳು, ಬೆರಳು ನೆಕ್ಕಿದಳು.

“ನುಗ್ಗೆಸೊಪ್ಪು ಹಾಕಿ ಕಾಯಿಸಿದ್ದಲ್ವಾ?” ಎಂದಳು.

ಇಂದಿಗೂ ತುಪ್ಪಕ್ಕೆ ಸೊಪ್ಪು ಹಾಕಿದ ಮೇಲೆ ಒಂದು ಗಳಿಗೆ ಒಲೆಯ ಮುಂದೆ ನಿಲ್ಲುತ್ತೇನೆ. ಆ ಪ್ರಶ್ನೆ ಕೇಳುವವಳು ಮನೆಯಲ್ಲಿಲ್ಲ.

ಸ್ವಲ್ಪ ಹೊತ್ತಿಗೆ ಅಕ್ಕನ ಹಣೆ ಬೆವರಿತು. ಕೈಗೆ ಸಿಕ್ಕಿದ್ದು ಅತ್ತೆಯ ಕೈ. ಅದನ್ನೇ ಬಿಗಿಯಾಗಿ ಹಿಡಿದಳು. “ಬಂತು,” ಎಂದಳು, ಕಾದಿದ್ದ ನೆಂಟರು ಬಾಗಿಲಿಗೆ ಬಂದ ಹಾಗೆ.

ಎರಡನೆಯ ಫಿಲ್ಮನ್ನು ಡಾಕ್ಟರು ಬೆಳಕಿಗೆ ಹಿಡಿದರು. “ಕಲ್ಲಿಲ್ಲ. ಆದರೆ ಪಿತ್ತದ ಚೀಲ ಕುಗ್ಗಬೇಕಿತ್ತು, ಹಾಗೇ ಉಂಟು. ನೋವೂ ಅದೇ ನೋವು. ಮೊದಲು ಜಿಡ್ಡಿಲ್ಲದ ಪಥ್ಯ, ಮಾತ್ರೆ. ಆಗದಿದ್ದರೆ ತೆಗೆಯುವ. ತೆಗೆದವರಿಗೆಲ್ಲ ಗುಣವಾಗುತ್ತದೆ ಅಂತ ನಾನು ಹೇಳುವುದಿಲ್ಲ.”

ಅತ್ತೆ ತಮ್ಮ ಕೈಮೇಲೆ ಮೂಡಿದ್ದ ಉಗುರಿನ ಗುರುತು ನೋಡಿಕೊಂಡರು. “ಇಷ್ಟು ನೋವು ಉಂಟಾ ಮಾರಾಯ್ತಿ?” ಎಂದರು.

ಪಥ್ಯದಿಂದ ಆಗಲಿಲ್ಲ, ಮರುವರ್ಷ ಪಿತ್ತಕೋಶ ತೆಗೆದರು. ಅವಳ ಪುಣ್ಯ, ಆ ನೋವು ಮತ್ತೆ ಬರಲಿಲ್ಲ. ಅಕ್ಕ ಹೋದದ್ದು ಎಷ್ಟೋ ಕಾಲದ ಮೇಲೆ, ಬೇರೆ ಕಾಯಿಲೆಯಿಂದ.

ಆ ದಿನ ಹೊತ್ತು ಮುಳುಗುವ ಮೊದಲು ಮೂಡುಬಿದಿರೆ ಮುಟ್ಟಿದೆವು. ಅತ್ತೆ ಬೆಳ್ತಂಗಡಿಯ ಬಸ್ಸು ಹಿಡಿಯಲಿಲ್ಲ. ನಮ್ಮಲ್ಲೇ ಉಳಿದು ಸೊಸೆಗೆ ತಾವೇ ಗಂಜಿ ಬಡಿಸಿದರು. ಭರಣಿಯ ತಳದಲ್ಲಿ ತುಸು ತುಪ್ಪ ಉಳಿದಿತ್ತು. ಅಕ್ಕ ಅದನ್ನು ನೋಡಿ ಮುಖ ತಿರುಗಿಸಿದಳು. ನಾನು ಅದನ್ನು ಅತ್ತೆಯ ಅನ್ನಕ್ಕೆ ಸುರಿದು, ಭರಣಿಯನ್ನು ಸೀಗೆಪುಡಿ ಹಾಕಿ ತೊಳೆದು ಕವುಚಿಟ್ಟೆ.