ಮೀನು ಒಣಗಿಸುವ ಹೊಯ್ಗೆಯಲ್ಲಿ ಗಾಳಿಗಿಡ

೧೯೮೭ರ ಮೇ ತಿಂಗಳು. ನಾನು ಅಂಕೋಲೆಯಲ್ಲಿ ಸಾಮಾಜಿಕ ಅರಣ್ಯ ವಿಭಾಗದ ರೇಂಜರ್. ಮಳೆ ಹಿಡಿಯುವುದರೊಳಗೆ ಹಾರವಾಡದ ಹತ್ತಿರ ಕಡಲಂಚಿಗೆ ಗಾಳಿಗಿಡ, ಅಂದರೆ ಸರ್ವೆ, ನೆಡಿಸಬೇಕಿತ್ತು. ಸಸಿಗಳು ಪಾಲಿಥಿನ್ ಚೀಲದಲ್ಲೇ ಬಾಡುತ್ತಿದ್ದವು. ಕಾರವಾರದಿಂದ ಮೇಲಧಿಕಾರಿಯ ಫೋನ್ ಒಂದೇ ಸಮ. ನನಗೆ ಊಟ ಸೇರುತ್ತಿರಲಿಲ್ಲ.

ಜಾಗ ತೋರಿಸಿದವರು ಮೇಲಿನ ಕೇರಿಯ ಜಮೀನ್ದಾರ ರಾಮಚಂದ್ರರಾಯರು. "ಹಸಿರು ಬಂದ್ರೆ ಊರಿನ ಪರಿಸರ ಶುದ್ಧ ಆಗ್ತದೆ ನೋಡಿ" ಎಂದರು. ಸರಕಾರಿ ಬೀಳು ಜಾಗ, ಖಾಲಿ ಹೊಯ್ಗೆ, ಬರೀ ಮರಳು. ಗುಂಡಿ ತೋಡಿಸಿ ಬಂದೆ. ಮರುದಿನ ಹೋದರೆ ಒಂದು ಗುಂಡಿಯೂ ಇಲ್ಲ! ಎಲ್ಲ ಮುಚ್ಚಿ, ಮೇಲೆ ತಾರ್ಲೆ ಮೀನು ಹರವಿದ್ದರು.

ಸಿಟ್ಟು ನೆತ್ತಿಗೇರಿತು. "ಯಾರು ಮುಚ್ಚಿದ್ದು?" ಎಂದು ಕೂಗಿದೆ.

ಮೀನು ಮಗುಚುತ್ತಿದ್ದ ದೇವಕಿ ಎಂಬ ಹೆಂಗಸು ಸೊಂಟಕ್ಕೆ ಕೈಯಿಟ್ಟು ನಿಂತಳು. "ನಾವೇ. ಅಲ್ರಾ ಸಾಹೇಬ್ರೆ, ಗಿಡ ನೆಡೂಕೆ ನಿಮ್ಗೆ ನಮ್ಮ ಹೊಯ್ಗೆನೇ ಬೇಕಾಯ್ತಾ? ನೆರಳು ಬಿದ್ರೆ ಮೀನು ಕೊಳೀತದೆ. ಮಳೆಗಾಲದಲ್ಲಿ ಮಕ್ಳಿಗೆ ಗಿಡದ ಸೊಪ್ಪು ಬೇಯ್ಸಿ ಹಾಕೂದಾ?"

ಮಳೆಗಾಲದಲ್ಲಿ ದೋಣಿ ಇಳಿಯುವುದಿಲ್ಲ. ಒಣಮೀನೇ ಊಟ, ಒಣಮೀನೇ ವ್ಯಾಪಾರ. ಆ ಹೊಯ್ಗೆಯಲ್ಲಿ ಮನೆಮನೆಗೂ ಒಂದು ತುಂಡು, ಅತ್ತೆಯಿಂದ ಸೊಸೆಗೆ ಬಂದದ್ದು. ಬೇಲಿಯಿಲ್ಲ, ಪಹಣಿಯಿಲ್ಲ, ಆದರೆ ಒಬ್ಬರ ತುಂಡಿನಲ್ಲಿ ಇನ್ನೊಬ್ಬರು ಮೀನು ಹಾಕುವುದಿಲ್ಲ. ನಾನು ಗುಂಡಿ ತೋಡಿಸಿದ ದಿನ ಬಲೆಗೆ ಏನೂ ಬಿದ್ದಿರಲಿಲ್ಲವಂತೆ, ಅದಕ್ಕೇ ಹೊಯ್ಗೆ ಖಾಲಿ ಕಂಡಿತ್ತು.

"ಮೇಲಿನ ಕೇರಿಯವ್ರಿಗೆ ನಮ್ಮ ಮೀನು ಬೇಕು, ನಾತ ಬೇಡ. ನಾವು ಕಣ್ಣಿಗೆ ಬೀಳೂದೂ ಬೇಡ. ಅದ್ಕೇ ಈ ಗಿಡ" ಎಂದಳು.

ಸೀದಾ ರಾಯರಲ್ಲಿಗೆ ಹೋಗಿ, ನಿಮ್ಮ ಮನೆಗಳ ಮುಂದಿನ ಸರಕಾರಿ ಜಾಗದಲ್ಲೇ ನೆಡಿಸುತ್ತೇನೆ ಎಂದೆ.

"ಛೆ ಛೆ, ಅಲ್ಲಿ ಬೇಡ ಮಾರಾಯ್ರೆ! ಕಡಲ ಗಾಳಿಯೇ ನಿಂತುಹೋಗ್ತದೆ."

ಪರಿಸರದ ಮೇಲಿನ ಅವರ ಪ್ರೀತಿ ಅಷ್ಟಕ್ಕೇ ಮುಗಿಯಿತು. ನನಗೂ ಹಟ ಬಂತು, ಅಲ್ಲಿಯೇ ನೆಡಿಸಿದೆ. ರಾಯರ ದೂರು ಕಾರವಾರಕ್ಕೆ ಹೋಯಿತು. "ತಲೆ ಕೆಟ್ಟಿದೆಯೇನ್ರಿ ನಿಮಗೆ?" ಎಂದು ಮೇಲಧಿಕಾರಿ ಫೋನಿನಲ್ಲಿ ಹರಿಹಾಯ್ದರು. ದೀಪಾವಳಿಯೊಳಗೆ ವರ್ಗವೂ ಆಯಿತು. ಮುಂದೆ ಬಂದವರು ಆ ಹೊಯ್ಗೆಯನ್ನೇ ಅಗೆಸಿದರೆ ಎಂಬ ಕಳವಳ ಮಾತ್ರ ವರ್ಷಗಟ್ಟಲೆ ಬಿಡಲಿಲ್ಲ.

ತೊಂಬತ್ತರ ದಶಕದಲ್ಲಿ ಆ ದಾರಿಯಲ್ಲಿ ಹೋಗುವಾಗ ತಡೆಯಲಾರದೆ ಬಸ್ಸಿಳಿದೆ. ಮೇಲಿನ ಕೇರಿಯ ಮುಂದೆ ಗಾಳಿಮರಗಳು ಬೆಳೆದು ನಿಂತಿದ್ದವು. ಹೊಯ್ಗೆಯ ಮೇಲೆ ಮೀನು ಒಣಗುತ್ತಿತ್ತು. ನನ್ನ ಕಣ್ಣು ತುಂಬಿತು. ತಲೆ ನರೆತ ದೇವಕಿ ಗುರುತು ಹಿಡಿದು ನಕ್ಕಳು. "ನೆರಳು ಚೊಲೋ ಆಗ್ಯದೆ ಸಾಹೇಬ್ರೆ. ಮಧ್ಯಾಹ್ನ ನಾವೆಲ್ಲ ರಾಯರ ಮನೆ ಮುಂದೆ ಅದ್ರ ಅಡಿಗೇ ಕೂತ್ಕಂಡು ಮೀನು ಮಾರೂದು!"

ನಿವೃತ್ತಿಯವರೆಗೂ ಗಿಡ ನೆಡಲು ಯಾರು ಎಲ್ಲಿ ಖಾಲಿ ಜಾಗ ತೋರಿಸಿದರೂ ನಾನು ಮೊದಲು ಕೇಳುತ್ತಿದ್ದದ್ದು ಇಷ್ಟೇ: "ಇಲ್ಲಿ ಯಾರು ಏನು ಒಣಗಿಸುತ್ತಾರೆ?"