ಬೆಲ್ಲದ ವಾಸನೆ ಬರುತ್ತಿದ್ದ ಕಾರು

ಕಾರಿನ ತುಂಬ ಬೆಲ್ಲದ ವಾಸನೆ. ನಮ್ಮ ಮನೆಯ ಕೊನೆಯ ಮಾಮೂಲಿ ದಿನ ನನಗೆ ನೆನಪಾಗುವುದು ಹೀಗೆ, ಮೂಗಿನಿಂದ. ಜೂನ್ ತಿಂಗಳ ಒಂದು ಭಾನುವಾರ ಹಿಕ್ಸ್‌ವಿಲ್‌ನ ಇಂಡಿಯನ್ ಅಂಗಡಿಯಲ್ಲಿ ಅಚ್ಚುಬೆಲ್ಲ, ಕರಿಬೇವು, ಹುಣಸೆಹಣ್ಣು ಕೊಂಡು ನಾವಿದ್ದ ಸಮರ್‌ಸೆಟ್‌ಗೆ ವಾಪಸು ಬರುತ್ತಿದ್ದೆವು. ಸೇತುವೆಯ ಮೇಲೆ ಟ್ರಾಫಿಕ್ ನಿಂತುಬಿಟ್ಟಿತ್ತು. ಅಪ್ಪ ಸ್ಟಿಯರಿಂಗ್ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು. ಅಮ್ಮ ಮೂಗು ಅರಳಿಸಿ, "ರೀ, ಬೆಲ್ಲ ಕರಗ್ತಿದೆ ಕಣ್ರೀ. ಡಿಕ್ಕೀಲಿ ಇಡಬೇಡಿ ಅಂತ ಬಡ್ಕೊಂಡೆ" ಅಂದಳು. "ಕರಗಲಿ ಬಿಡು, ಮನೆ ಮುಟ್ಟೋಷ್ಟರಲ್ಲಿ ಪಾಯಸ ಆಗಿರುತ್ತೆ. ಪುಟ್ಟಿ, ಚಮಚ ಇದೆಯೇನೇ ಹಿಂದೆ?" ಎಂದು ಅಪ್ಪ ನನ್ನ ಕಡೆ ತಿರುಗಿದರು. ಮನೆಗೆ ಬಂದು ನೋಡಿದರೆ ಬೆಲ್ಲ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಹಾಗಾದರೆ ವಾಸನೆ ಎಲ್ಲಿಯದು ಎಂದು ನಾವು ಯಾರೂ ಕೇಳಲಿಲ್ಲ. ಮರುದಿನ ಪಾರ್ಸಿಪನಿಯ ಆಫೀಸಿನಲ್ಲಿ ಅಪ್ಪ ಕುರ್ಚಿಯಿಂದ ಏಳುವಾಗ ಕುಸಿದು ಬಿದ್ದರು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಆಫೀಸಿನ ಪಾರ್ಕಿಂಗ್‌ನಲ್ಲಿ ಉಳಿದಿದ್ದ ಕಾರನ್ನು ಮನೆಗೆ ತಂದುಕೊಟ್ಟವರು ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಧಾರವಾಡದ ಶ್ರೀಪಾದ ಅಂಕಲ್. ಅವರೂ ಅಪ್ಪನಷ್ಟೇ ಎತ್ತರ. ಹಾಗಾಗಿ ಡ್ರೈವರ್ ಸೀಟು ಅಪ್ಪ ಇಟ್ಟುಕೊಂಡಿದ್ದಷ್ಟೇ ಹಿಂದಕ್ಕೆ ಉಳಿದಿತ್ತು. ಅಮ್ಮ ಗಿಡ್ಡ. ಲೈಸೆನ್ಸ್ ಇದ್ದರೂ ಅವಳು ಡ್ರೈವ್ ಮಾಡುತ್ತಿದ್ದುದು ಅಪರೂಪ. ಈಗ ಎಲ್ಲದಕ್ಕೂ ಅವಳೇ. ಮೊದಲ ದಿನ ಕೂರುವಾಗ ಸೀಟನ್ನು ಮುಂದಕ್ಕೆ ಎಳೆಯಲು ಕೆಳಗೆ ಕೈ ಹಾಕಿದವಳು ಹಾಗೇ ಕೈ ತೆಗೆದುಬಿಟ್ಟಳು. ಮನೆಯೊಳಗೆ ಹೋಗಿ ಸೋಫಾದ ದಪ್ಪ ದಿಂಬು ತಂದು ಬೆನ್ನಿಗೆ ಕೊಟ್ಟುಕೊಂಡಳು. ಆಮೇಲೆ ದಿನವೂ ಹಾಗೆಯೇ, ಬ್ರೇಕನ್ನು ತುದಿಗಾಲಿನಲ್ಲಿ ಮುಟ್ಟುತ್ತ, ಎರಡೂ ಕೈಯಲ್ಲಿ ಸ್ಟಿಯರಿಂಗ್ ಬಿಗಿಯಾಗಿ ಹಿಡಿದು ಓಡಿಸಿದಳು. ಕಾರು ತೊಳೆಯುವ ಕಡೆ ಹೋದರೂ ಮೊದಲು ಹೇಳುತ್ತಿದ್ದುದು ಒಂದೇ ಮಾತು: ಸೀಟು ಮಾತ್ರ ಸರಿಸಬೇಡಿ. ಬೆಲ್ಲದ ವಾಸನೆ ಹೋಗಿರಲಿಲ್ಲ. ಡಿಕ್ಕಿಯ ಕಾರ್ಪೆಟ್ ಎತ್ತಿ ಒರೆಸಿದಳು. ಎಲ್ಲಿಯೂ ಅಂಟು ಸಿಗಲಿಲ್ಲ. ಆದರೂ ಅದು ಆ ಭಾನುವಾರದ ಬೆಲ್ಲವೇ ಎಂದು ನಂಬಿದ್ದೆವು. ನಂಬುವುದು ಇಬ್ಬರಿಗೂ ಬೇಕಾಗಿತ್ತು ಅಂತ ಈಗ ಅನ್ನಿಸುತ್ತದೆ.

ನಾನು ಕನ್ನಡ ಕಲಿಯುತ್ತಿದ್ದುದು ಒಬ್ಬ ಆಂಟಿಯ ಮನೆಯ ಬೇಸ್‌ಮೆಂಟಿನಲ್ಲಿ, ಶನಿವಾರ. ಆಗಸ್ಟಿನ ಒಂದು ಶನಿವಾರ ಅಲ್ಲಿಗೆ ಹೋಗುವಾಗ ಹೈವೇಯಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿತು. ಇಂಜಿನ್ ಕಾದರೆ ಹೀಟರ್ ಹಾಕು, ಆ ಬಿಸಿ ಒಳಗೆ ಬಂದುಬಿಡುತ್ತೆ ಎಂದು ಅಪ್ಪ ಯಾವಾಗಲೋ ಹೇಳಿಕೊಟ್ಟಿದ್ದರು. ಆ ಸೆಕೆಯಲ್ಲಿ ಅಮ್ಮ ಹೀಟರನ್ನು ಪೂರ್ತಿ ತಿರುಗಿಸಿದಳು. ಮುಖಕ್ಕೆ ಒಲೆಯ ಬಾಯಿ ತೆರೆದ ಹಾಗಾಯಿತು. ಹಿಂದೆ ಬಿಳಿ ಹೊಗೆ. ನಾನು ಇಂಗ್ಲಿಷಿನಲ್ಲಿ ಕಿರುಚಿದೆ. "ಕಿರುಚಬೇಡ, ಕಿಟಕಿ ಇಳಿಸು!" ಎಂದು ಅಮ್ಮ ಗದರಿದಳು. ಬ್ರೇಕಿಗೆ ಕಾಲು ಎಟುಕಿಸಲು ಅವಳು ಮುಂದಕ್ಕೆ ಜಾರಿದಾಗ ದಿಂಬು ಪಕ್ಕಕ್ಕೆ ಬಿತ್ತು. ಕಾರು ಅಡ್ಡಾದಿಡ್ಡಿ ಓಡಿ ಅಂಚಿಗೆ ಬಂದು ನಿಂತಿತು. ಪಕ್ಕದಲ್ಲಿ ಲಾರಿಗಳು ಹೋದಾಗಲೆಲ್ಲ ಕಾರು ನಡುಗುತ್ತಿತ್ತು. ಅಮ್ಮ ದಿಂಬನ್ನು ಮತ್ತೆ ಬೆನ್ನಿಗೆ ಇಟ್ಟುಕೊಂಡಳು.

ಕಾರನ್ನು ಎಳೆಸಿಕೊಂಡು ಹೋದ ಗ್ಯಾರೇಜಿನವನು ಗುಂಡಗೆ, ಗಿಡ್ಡಗೆ ಇದ್ದ ಮಾತುಗಾರ. ಆಯಿಲ್ ಮುಚ್ಚಳ ತೆಗೆದು ತೋರಿಸಿದ. ಒಳಗೆ ಹಾಲು ಹೆಚ್ಚಾದ ಕಾಫಿಯ ಬಣ್ಣ. ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂದ. ಇಂಜಿನ್ನಿನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ನಡುವೆ ಇರುವ ತೆಳು ಹಾಳೆ ಅದು; ಇಂಜಿನ್ ತಣಿಸುವ ಕೂಲೆಂಟ್ ಅಲ್ಲಿಂದ ಸೋರಿ ಆಯಿಲ್ ಸೇರಿದೆ, ಕೂಲೆಂಟಿನದು ಸಿಹಿ ವಾಸನೆ, ನಿಮಗೆ ಗೊತ್ತೇ ಆಗಲಿಲ್ಲವೇ ಎಂದು ಕೇಳಿದ. ಅಮ್ಮ ನನ್ನ ಮುಖ ನೋಡಿ ಕನ್ನಡದಲ್ಲಿ, "ಬೆಲ್ಲ ಅಲ್ವಂತೆ" ಅಂದಳು. ಇಂಜಿನ್ ಬಿಚ್ಚಿ ರಿಪೇರಿ ಮಾಡಬಹುದು, ಆದರೆ ಮತ್ತೆ ಹೈವೇಯಲ್ಲಿ ನಿಲ್ಲುವುದಿಲ್ಲ ಅಂತ ಹೇಳಲಾರೆ, ಶುಕ್ರವಾರದೊಳಗೆ ತಿಳಿಸಿ ಅಂದ.

ಆ ವಾರ ಮನೆಯಲ್ಲಿ ಪಾತ್ರೆ ಇಡುವ ಸದ್ದು ಕೂಡ ಜೋರಾಗಿ ಕೇಳುತ್ತಿತ್ತು. ಶ್ರೀಪಾದ ಅಂಕಲ್ ಬಂದು, "ವೈನಿ, ಸತ್ತ ಗಾಡಿ ಮ್ಯಾಲೆ ರೊಕ್ಕ ಹಾಕಬ್ಯಾಡ್ರಿ" ಅಂದವರು ತಮ್ಮ ಮಾತಿಗೆ ತಾವೇ ಬೆಚ್ಚಿದರು. ಅಮ್ಮ, "ಗಾಡಿಗೆ ತಾನೇ ಹೇಳಿದ್ದು? ಕಾಫಿ ಆರುತ್ತೆ, ಕುಡೀರಿ" ಅಂದಳು. ಅವರು ಲೋಟ ಕೈಯಲ್ಲೇ ಹಿಡಿದು, "ಈ ಹುಡುಗೀನ ಕುಂದ್ರಿಸ್ಕೊಂಡು ಮತ್ತ ಹೈವೇದಾಗ ನಿಂತ್ರ ಏನ್ ಮಾಡ್ತೀರಿ?" ಎಂದು ಕೇಳಿದರು. ಅಮ್ಮ ಒಲೆಯ ಕಡೆ ತಿರುಗಿದಳು. ಉತ್ತರ ಕೊಟ್ಟವಳು ನಾನು. ರಿಪೇರಿ ಮಾಡಿಸು, ಅದು ಅಪ್ಪನ ಕಾರು ಎಂದು ಅಡುಗೆಮನೆಯ ಬಾಗಿಲಿನಲ್ಲಿ ನಿಂತು ಅತ್ತೆ. ಗುರುವಾರ ರಾತ್ರಿ ಊಟಕ್ಕೆ ಕೂತಾಗ ಅಮ್ಮ, "ಮಾಡಿಸೋಣ" ಅಂದಳು.

ಶುಕ್ರವಾರ ಹಾಗೆ ಹೇಳಲೆಂದೇ ಹೋದೆವು. ಕಾರನ್ನು ಗ್ಯಾರೇಜಿನ ಹಿಂದಿನ ಅಂಗಳದಲ್ಲಿ ನಿಲ್ಲಿಸಿದ್ದರು. ದಿಂಬು ಒಳಗೇ ಇತ್ತು, ಅದನ್ನು ತೆಗೆಯಲು ಅಮ್ಮ ಬಾಗಿಲು ತೆರೆದಳು. ದಿಂಬು ಹಿಂದಿನ ಸೀಟಿನಲ್ಲಿ ಬಿದ್ದಿತ್ತು. ಡ್ರೈವರ್ ಸೀಟು ಸ್ಟಿಯರಿಂಗಿಗೆ ತಾಗುವಷ್ಟು ಮುಂದಕ್ಕೆ ಬಂದಿತ್ತು. ಕಾರನ್ನು ಅಂಗಳಕ್ಕೆ ಸರಿಸುವಾಗ ಆ ಗಿಡ್ಡ ಮನುಷ್ಯ ತನ್ನ ಕಾಲಿಗೆ ಸರಿಯಾಗಿ ಎಳೆದುಕೊಂಡಿದ್ದ. ಸೀಟು ಸರಿಸಬೇಡಿ ಎಂದು ಹೊಗೆಯ ಗಾಬರಿಯಲ್ಲಿ ಅವನಿಗೆ ಮಾತ್ರ ಅಮ್ಮ ಹೇಳಲು ಮರೆತಿದ್ದಳು. ಅವಳು ಬಗ್ಗಿ ಸೀಟನ್ನು ಹಿಂದಕ್ಕೆ ತಳ್ಳಿದಳು, ಟಕ್ ಅಂತು. ಇನ್ನೂ ಸ್ವಲ್ಪ ತಳ್ಳಿದಳು, ಮತ್ತೆ ಟಕ್. "ಇಲ್ಲೇನೇ ಪುಟ್ಟಿ? ಇನ್ನೂ ಹಿಂದೇನಾ?" ಎಂದು ಕೇಳಿದಳು. ನನಗೆ ಗೊತ್ತಾಗಲಿಲ್ಲ. ಅವಳು ಒಳಗೆ ಕೂತು, ಎದ್ದು, ಮತ್ತೆ ಕೂತು ನೋಡಿದಳು. ಆಮೇಲೆ ದಿಂಬನ್ನು ಎದೆಗೆ ಅವುಚಿಕೊಂಡು ಇಳಿದು ಬಂದು, ಗ್ಯಾರೇಜಿನವನಿಗೆ, ಬೇಡ, ರಿಪೇರಿ ಮಾಡಬೇಡಿ ಅಂದಳು. ವಾಪಸು ಬರುವಾಗ ನಾನು ಅವಳಿಂದ ದೂರ ಸರಿದು ಕೂತೆ.

ಆಮೇಲೆ ಕೊಂಡ ಕಾರುಗಳಲ್ಲಿ ಅಮ್ಮ ಸೀಟನ್ನು ತನ್ನ ಕಾಲಿಗೆ ಸರಿಯಾಗಿ ಎಳೆದುಕೊಂಡೇ ಓಡಿಸಿದಳು, ಚೆನ್ನಾಗಿಯೇ ಓಡಿಸಿದಳು. ಈ ಚಳಿಗಾಲದಲ್ಲಿ ಅವಳೂ ಹೋದಳು. ಮೊನ್ನೆ ಅವಳ ಅಪಾರ್ಟ್‌ಮೆಂಟ್ ಖಾಲಿ ಮಾಡಿ ಹೊರಗೆ ಬಂದಾಗ ಪಾರ್ಕಿಂಗ್‌ನಲ್ಲಿ ಯಾರದೋ ಹಳೆಯ ಕಾರಿನಿಂದ ಅದೇ ಸಿಹಿ ವಾಸನೆ ಬಂತು. ನನ್ನ ಕೈಯಲ್ಲಿ ಅವಳು ಇಷ್ಟು ವರ್ಷ ಇಟ್ಟುಕೊಂಡಿದ್ದ ಆ ದಿಂಬು ಇತ್ತು. ನನ್ನ ಕಾರಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ದಿಂಬನ್ನು ಬೆನ್ನಿಗೆ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತೆ. ಅಪ್ಪನ ಸೀಟು ಎಷ್ಟು ಹಿಂದಿತ್ತು ಎಂದು ಹೇಳುವವರು ಈಗ ಯಾರೂ ಇಲ್ಲ.