ಮಾವ ನೋಡದ ಚೆಂಡು

ಮಧ್ಯಾಹ್ನ ನನ್ನ ಚಿಕ್ಕ ಕೂಸು ಮಲಗಿತೆಂದರೆ ನಮ್ಮ ಮನೆಯಲ್ಲಿ ಆಟ ಶುರು. ಕಿಟಕಿಯ ಪರದೆ ಎಳೆದು, ಫೋನನ್ನು ನೀರಿನ ಲೋಟಕ್ಕೆ ಒರಗಿಸಿ ನಿಲ್ಲಿಸುವುದು ನನ್ನ ಕೆಲಸ. ಅದರ ಮುಂದೆ ನನ್ನ ಮಾವ, ಅವರ ತೊಡೆಯ ಮೇಲೆ ನನ್ನ ನಾಲ್ಕು ವರ್ಷದ ಮಗಳು ಪುಟ್ಟಿ, ಪಕ್ಕದಲ್ಲಿ ಒಗೆದ ಬಟ್ಟೆಯ ರಾಶಿಯೊಂದಿಗೆ ನಾನು. ಅತ್ತೆ ಮಾತ್ರ ಕುರ್ಚಿ ಸ್ವಲ್ಪ ದೂರ ಹಾಕಿಕೊಂಡು, ನೋಡುತ್ತಿಲ್ಲವೆನ್ನುವ ಹಾಗೆ ನೋಡುತ್ತಾರೆ. ಪುಟ್ಟಿಗೆ ಬೇಕಾದದ್ದು ಒಂದೇ ಬಗೆಯ ವಿಡಿಯೊ: ರಂಗದ ಮೇಲೆ ನಿಂತು ಚೆಂಡು, ಬಳೆ, ತಟ್ಟೆ, ಕೈಗೆ ಸಿಕ್ಕಿದ್ದನ್ನೆಲ್ಲ ಗಾಳಿಯಲ್ಲಿ ಹಾರಿಸುವ ಜಗ್ಲರ್‌ಗಳದ್ದು.

ರಂಗ ಮಾವನಿಗೆ ಹೊಸದಲ್ಲ. ಮೀಸೆ ಕಪ್ಪಗಿದ್ದಾಗಿನಿಂದ ಬೆಳ್ಳಗಾಗುವವರೆಗೂ ಊರಿನ ದೊಡ್ಡ ಸಭಾಂಗಣದಲ್ಲಿ ಸ್ಪಾಟ್‌ಲೈಟ್ ಹಿಡಿದವರು ಅವರು. ಹಿಂದಿನ ಗೋಡೆಗೆ ಅಂಟಿಕೊಂಡ ಗೂಡಿನಂಥ ಒಂದು ಕೋಣೆ. ಕಬ್ಬಿಣದ ಏಣಿ ಹತ್ತಿ ಹೋಗಬೇಕು. ಅಲ್ಲಿ ನಿಂತು ಆ ಉದ್ದನೆಯ ದೀಪವನ್ನು ತಿರುಗಿಸುತ್ತಾ, ಆಡುವವರು ಹೋದಲ್ಲೆಲ್ಲ ದುಂಡನೆಯ ಬೆಳಕನ್ನು ಅವರ ಜೊತೆಗೆ ಕಳಿಸುವುದು ಕೆಲಸ. ಹಾಡುವವರು, ಕುಣಿಯುವವರು, ಟೋಪಿಯಿಂದ ಪಾರಿವಾಳ ತೆಗೆಯುವವರು ಎಲ್ಲರೂ ಮಾವನ ಬೆಳಕಿನಲ್ಲಿ ಮಿಂಚಿದವರೇ. ಹೊಸ ಸೊಸೆಯಾಗಿ ಬಂದಾಗ, ಇವರ ಹತ್ತಿರ ಕಥೆಗಳ ಗಂಟೇ ಇರಬೇಕೆಂದು ಆಸೆಯಿಂದ ಕೇಳಿದ್ದೆ. ಸಿಕ್ಕಿದ ಉತ್ತರ: "ಆ ಹಾಡುಗಾರ್ತಿನಾ? ಎಡಗಾಲು ಸ್ವಲ್ಪ ಎಳೀತಿದ್ಲು."

ಕಾರಣ ತಿಳಿದದ್ದು ಮೊದಲ ಜಗ್ಲರ್ ವಿಡಿಯೊ ಹಾಕಿದ ದಿನ.

"ಹೇಗಿದೆ ಮಾವ?" ಎಂದೆ.

"ಚೆನ್ನಾಗಿ ನಿಲ್ತಾನೆ. ಹಿಮ್ಮಡಿ ಎತ್ತೋದೇ ಇಲ್ಲ."

"ಚೆಂಡು ಎಷ್ಟಿತ್ತು ಹೇಳಿ ನೋಡೋಣ."

ಮಾವ ಪುಟ್ಟಿಯ ಮುಖ ನೋಡಿದರು. "ಚೆಂಡಿತ್ತಾ?"

ದೂರದ ಕುರ್ಚಿ ಮಾತಾಡಿತು. "ಸರಿಹೋಯ್ತು. ಹೆಣ್ಣು ನೋಡೋಕೆ ಬಂದಾಗಲೂ ಇವರು ನನ್ನ ಮುಖ ನೋಡ್ಲಿಲ್ಲ. ಚಪ್ಪಲಿ ಕಚ್ಚುತ್ತಾ ಅಂತ ಕೇಳಿದ್ರು."

"ಕಚ್ಚುತ್ತಿತ್ತು ತಾನೇ?" ಎಂದರು ಮಾವ.

ಆಮೇಲೆ ನನಗೆ ಬಿಡಿಸಿ ಹೇಳಿದರು. "ಮುಖ ನಂಬೋ ಹಾಗಿಲ್ಲ ಕಣಮ್ಮಾ. ಆ ಕಡೆ ನಗ್ತಾ ಈ ಕಡೆ ಹೋಗಿಬಿಡ್ತಾರೆ. ಕಾಲು ಹಾಗಲ್ಲ. ಹೊರಡೋಕೆ ಮುಂಚೆ ಹೆಬ್ಬೆರಳು ತಿರುಗುತ್ತೆ. ಅದನ್ನ ನೋಡ್ಕೊಂಡೇ ನಾನು ದೀಪ ತಿರುಗಿಸ್ತಿದ್ದೆ. ಆಟ ನೋಡ್ತಾ ಕೂತ್ರೆ ಆಟದವನು ಕತ್ತಲಲ್ಲಿ."

ಅಂದರೆ ಅಷ್ಟು ವರ್ಷ ಎಲ್ಲ ಆಟಗಳಿಗೂ ಹೋಗಿ, ಒಂದನ್ನೂ ನೋಡದೆ ಮನೆಗೆ ಬಂದಿದ್ದರು. ನನಗೆ ಅಯ್ಯೋ ಎನ್ನಿಸಿತು. ಪುಟ್ಟಿಗೆ ಅದೆಲ್ಲ ಇಲ್ಲ. ತಾತನ ಗದ್ದಕ್ಕೆ ಎರಡೂ ಕೈ ಕೊಟ್ಟು ಎತ್ತಿ, "ತಾತ, ಮೇಲೆ ನೋಡು," ಎಂದಳು. ಕಣ್ಣು ಕೆಳಗಿಳಿದರೆ ಮತ್ತೆ ಗದ್ದ ಎತ್ತುವಳು. ಹೀಗೇ ದಿನಾ ಪಾಠ ನಡೆದು, ಮಾವನ ನೋಟ ಬೂಟಿನಿಂದ ಮಂಡಿಗೆ, ಮಂಡಿಯಿಂದ ಸೊಂಟಕ್ಕೆ ಹತ್ತಿ, ಒಂದು ಮಧ್ಯಾಹ್ನ ಚೆಂಡಿಗೆ ಮುಟ್ಟಿತು.

"ಅಬ್ಬಾ, ಇದು ಇಷ್ಟು ಎತ್ತರ ಹೋಗುತ್ತಾ?" ಎಂದು ಬೆರಗಾಗಿ ಕೇಳಿದವರು ಅಂದಿನಿಂದ ಕೈಗೆ ಸಿಗಲಿಲ್ಲ. ಒಂದೇ ವಿಡಿಯೊವನ್ನು ಮತ್ತೆ ಮತ್ತೆ ಹಾಕಿಸುವರು. ತಟ್ಟೆ ಹಾರಿಸುವ ಹೆಂಗಸು ಹೆಚ್ಚೋ ಬಳೆ ಹಾರಿಸುವ ಗಂಡಸು ಹೆಚ್ಚೋ ಎಂದು ಅತ್ತೆಯ ಜೊತೆ ಜಗಳ. "ತಟ್ಟೆ ಒಡೆದ್ರೆ ಗುಡಿಸೋಳೂ ಅವಳೇ, ಅದಕ್ಕೇ ಅವಳೇ ಹೆಚ್ಚು," ಎಂದು ಅತ್ತೆ ತೀರ್ಪು ಕೊಟ್ಟರು.

ಅಷ್ಟರಲ್ಲಿ ಸಭಾಂಗಣದ ಮ್ಯಾನೇಜರ್ ಮನೆಗೇ ಬಂದರು. ಈಗ ದೀಪ ಹಿಡಿಯುವವನು ಕೈ ಮುರಿದುಕೊಂಡಿದ್ದಾನೆ. ಶನಿವಾರ ಸಂಜೆ ಒಬ್ಬ ಜಗ್ಲರ್‌ನ ಪ್ರದರ್ಶನವಿದೆ. ಆ ಹಳೆಯ ದೀಪ ಪಳಗಿಸುವುದು ಬೇರೆ ಯಾರಿಗೂ ಬಾರದು. "ಅದಾದ ಮೇಲೆ ದೀಪಾನೇ ಇಳಿಸ್ತೀವಿ ಯಜಮಾನ್ರೇ. ಎಲ್ಲಾ ಕಂಪ್ಯೂಟರ್ ನೋಡ್ಕೊಳ್ಳುತ್ತೆ. ಇದೊಂದು ಸಲ ಬಂದುಬಿಡಿ."

ಮಾವ ಯೋಚಿಸುವವರಂತೆ ಮೀಸೆ ಸವರಿದರು. ಅವರ ಕಾಲು ಆಗಲೇ ಚಪ್ಪಲಿ ಹುಡುಕುತ್ತಿತ್ತು.

ಶುಕ್ರವಾರ ತಾಲೀಮು. ಮಾವ ಕನ್ನಡಕ ಮರೆತು ಹೋಗಿದ್ದರಿಂದ ನಾನು ಅದನ್ನು ಹಿಡಿದು ಹೋದೆ. ಒಳಗೆ ಕಾಲಿಟ್ಟಾಗ ಜಗ್ಲರ್ ಚೆಂಡು ಹಾರಿಸುತ್ತಿದ್ದ. ಕೆಂಪು ಚೆಂಡು ಮೇಲೇರಿತು. ಬೆಳಕಿನ ವೃತ್ತವೂ ಅದರ ಹಿಂದೆಯೇ ಏರಿ, ಪರದೆಯ ತುದಿಯಲ್ಲಿ ನಿಂತಿತು. ಕೆಳಗೆಲ್ಲ ಕತ್ತಲು. ದಬ್, ದಬ್ ಎಂದು ಚೆಂಡುಗಳು ಹಲಗೆಯ ಮೇಲೆ ಬಿದ್ದವು.

"ಅಣ್ಣಾ, ನಾನು ಇಲ್ಲಿದೀನಿ," ಎಂದಿತು ಕತ್ತಲು.

ಇನ್ನೊಮ್ಮೆ ಶುರುಮಾಡಿದರು. ಇನ್ನೊಮ್ಮೆಯೂ ಹಾಗೇ ಆಯಿತು. ಮ್ಯಾನೇಜರ್ ಕೆಟ್ಟವರಲ್ಲ, ಮೆತ್ತಗೇ ಹೇಳಿದರು: "ನಾಳೆ ಹೀಗಾದ್ರೆ ಎಲ್ಲಾ ಲೈಟೂ ಹಾಕಿಬಿಡೋಣ ಬಿಡಿ."

ತಾಲೀಮು ಮುಗಿಸಿ ಇಬ್ಬರೂ ಮನೆಗೆ ಬಂದೆವು. ಮೆಟ್ಟಿಲ ಹತ್ತಿರ ಮಾವ, "ಅಜ್ಜಿ ಮೊಮ್ಮಗಳು ಸೊಸೆ ಎಲ್ಲಾ ಸೇರಿ ನನ್ನ ಕಣ್ಣು ಕೆಡಿಸಿದ್ರಿ," ಎಂದರು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಕೊನೆಯ ಸಲವೆಂದು ಕರೆಸಿಕೊಂಡು, ಅವರ ದೀಪವನ್ನು ಆರಿಸಿ ಕೂರಿಸಿದರೆ ಆ ಏಣಿ ಇಳಿದು ಬರುವುದು ಹೇಗೆ?

ಕೂತು ಮರುಗುತ್ತಿದ್ದರೆ ಏನೂ ಆಗದು ಎಂದು ಒಂದು ಕಾಗದದ ಪಟ್ಟಿ ಕತ್ತರಿಸಿ, ಫೋನಿನ ಮೇಲರ್ಧಕ್ಕೆ ಅಂಟಿಸಿದೆ. ಈಗ ಕಾಣುವುದು ಕಾಲು ಮಾತ್ರ. ಮಾವ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪಟ್ಟಿಯ ತುದಿ ಮೆಲ್ಲಗೆ ಎತ್ತಿ ಇಣುಕಿದರು.

"ಮಾವ."

"ಏನಾಯ್ತು ಅಂತ ಗೊತ್ತಾಗಬೇಡ್ವೇನಮ್ಮಾ? ರುಚಿ ಹತ್ತಿಸಿ ಬಾಯಿ ಕಟ್ಟಿದ್ರೆ ಹೇಗೆ?"

ಪುಟ್ಟಿ ಫೋನಿನ ಪಕ್ಕಕ್ಕೆ ಹೋಗಿ ಕೂತು, ಪಟ್ಟಿಯ ಸಂದಿಯಲ್ಲಿ ಕಣ್ಣಿಟ್ಟು, ಕೇಳದಿದ್ದರೂ ವರದಿ ಕೊಡತೊಡಗಿದಳು. "ತಾತ, ಕೆಂಪು ಮೇಲೆ. ಈಗ ನೀಲಿ. ಈಗ ಬೆನ್ನ ಹಿಂದೆ. ಅಯ್ಯೋ, ಮೂಗಿನ ಮೇಲೆ."

ಮಾವನ ಕಣ್ಣು ಬೂಟಿನ ಮೇಲೆ ಅಲುಗದೆ ನಿಂತಿತ್ತು. ಮುಖ ಮಾತ್ರ ಅರಳುತ್ತಿತ್ತು. ಅವರಿಗೆ ಬೇಕಿದ್ದದ್ದು ಸುದ್ದಿ. ಅದು ಕಿವಿಯಿಂದ ಬಂದರೂ ನಡೆಯುತ್ತದೆ ಎಂದು ನನಗೆ ಆಗ ಹೊಳೆಯಿತು. ಆದರೆ ಏಣಿ ಹತ್ತಲು ಪುಟ್ಟಿಯನ್ನು ಬಿಡುವಂತಿಲ್ಲ. ಅತ್ತೆ ಬಟ್ಟೆ ಮಡಿಸುತ್ತಲೇ, "ನೀನು ಹತ್ತು. ಎರಡೂ ಮಕ್ಕಳನ್ನ ನಾನು ಮುಂದಿನ ಸಾಲಲ್ಲಿ ಕೂರಿಸ್ಕೋತೀನಿ," ಎಂದರು. "ನಾಳೆ ಕೆಟ್ಟರೆ ಆ ಸಪ್ಪೆ ಮೋರೆ ದಿನಾ ನೋಡೋಳು ನಾನು ತಾನೇ."

ಶನಿವಾರ ಸಂಜೆ ಸೆರಗು ಸೊಂಟಕ್ಕೆ ಸಿಗಿಸಿ ಏಣಿ ಹತ್ತಿದೆ. ಗೂಡಿನಲ್ಲಿ ಇಬ್ಬರು ನಿಂತರೆ ಮೊಣಕೈ ತಾಗುತ್ತದೆ. ಒಲೆಯ ಪಕ್ಕ ನಿಂತ ಹಾಗೆ ಸೆಕೆ. ಸಭೆಯ ದೀಪಗಳು ಆರಿದವು. ಮಾವ ಹಿಡಿಕೆಗೆ ಕೈ ಹಾಕಿ, "ಶುರು ಮಾಡು. ನಿಲ್ಲಿಸಬೇಡ," ಎಂದರು.

ನಾನು ಪಿಸುದನಿಯಲ್ಲಿ ಹೇಳುತ್ತಾ ಹೋದೆ. ಮೂರು ಚೆಂಡು, ಈಗ ಐದು, ಈಗ ಕಾಲ ಕೆಳಗಿಂದ, ಈಗ ಒಂದನ್ನು ಹಿಂದೆ ತಿರುಗಿ ಹಿಡಿದ. ವೃತ್ತ ಜಗ್ಲರ್‌ನ ಜೊತೆಗೇ ಓಡಿತು, ಅವನು ನಿಂತಲ್ಲಿ ನಿಂತಿತು, ಒಮ್ಮೆಯಂತೂ ಅವನಿಗಿಂತ ಒಂದು ಚೂರು ಮೊದಲೇ ಹೊರಟಿತು. ಕೊನೆಗೆ ಅವನು ಎಲ್ಲವನ್ನೂ ಕೆಳಗಿಟ್ಟು ಒಂದೇ ಬಿಳಿ ಚೆಂಡನ್ನು ಬಲವಾಗಿ ಮೇಲಕ್ಕೆ ಎಸೆದ. ಅದು ಬೆಳಕು ದಾಟಿ ಹೋಯಿತು. ನನ್ನ ಮಾತು ನಿಂತಿತು.

"ಹೇಳಮ್ಮಾ."

"ಕಾಣ್ತಿಲ್ಲ ಮಾವ. ಕತ್ತಲಿಗೆ ಹೋಯ್ತು."

ಹಿಡಿಕೆಯ ಮೇಲಿನ ಬೆರಳುಗಳು ಬಿಗಿದವು. ದೀಪ ಒಂದು ಕೂದಲಷ್ಟು ಮೇಲೆದ್ದ ಹಾಗಾಯಿತು. ಮಾವ ಉಸಿರು ಹಿಡಿದು ಅದನ್ನು ಅಲ್ಲೇ ನಿಲ್ಲಿಸಿದರು. ಕೆಳಗೆ ಜಗ್ಲರ್ ಅಂಗೈ ಚಾಚಿ ಬೆಳಕಿನ ನಡುವೆ ನಿಂತಿದ್ದ. ಚೆಂಡು ಕತ್ತಲಿಂದ ಇಳಿದು, ಬೆಳಕಿಗೆ ಬಂದು, ಆ ಅಂಗೈಯಲ್ಲಿ ಕೂತಿತು.

"ಬಂತಾ?"

"ಬಂತು ಮಾವ."

ಚಪ್ಪಾಳೆ ಗೋಡೆಗಳನ್ನು ನಡುಗಿಸುವಾಗ ಮಾವ ದೀಪ ಆರಿಸಿದರು. ನಾನು ಏಣಿಯ ಕಡೆ ಹೊರಟೆ. ಅವರು ಅಲ್ಲಿದ್ದ ಒಂದೇ ಸ್ಟೂಲನ್ನು ಕಾಲಿನಿಂದ ನನ್ನ ಕಡೆಗೆ ತಳ್ಳಿ, ತಾವು ಗೋಡೆಗೆ ಒರಗಿ ನೆಲದ ಮೇಲೆ ಕೂತರು.

"ದೀಪ ತಣ್ಣಗಾಗೋವರೆಗೂ ಇಳಿಯೋ ಹಾಗಿಲ್ಲ, ಕೂತ್ಕೋ. ಆಗ ಗಡಿಬಿಡೀಲಿ ಅರ್ಧ ನುಂಗಿಬಿಟ್ಟೆ ನೀನು. ಹಿಂದೆ ತಿರುಗಿ ಹಿಡಿದ ಅಂದೆಯಲ್ಲ, ಎಡಗೈಲೋ ಬಲಗೈಲೋ? ಇರು, ಬೇಡ. ಮೊದಲಿಂದ ಹೇಳು."